ನೆರೆನಾಡಿನ ಹಳೆಯ ಕಾರು ಮತ್ತು ನಮ್ಮ ನೋಂದಣಿಯ ಮೇಜು

2025ರ ಸೆಪ್ಟೆಂಬರ್ 23ರಂದು ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ಕೇರಳದ ಹಲವು ಊರುಗಳಲ್ಲಿ ಏಕಕಾಲಕ್ಕೆ ಶೋಧ ನಡೆಸಿ, ಭೂತಾನದಿಂದ ಸುಂಕ ತಪ್ಪಿಸಿ ತರಲಾಗಿದೆಯೆಂದು ಶಂಕಿಸಲಾದ ಮೂವತ್ತಕ್ಕೂ ಹೆಚ್ಚು ಹಳೆಯ ಕಾರುಗಳನ್ನು ವಶಪಡಿಸಿಕೊಂಡರು. ಆ ವಾರ್ತೆಯಲ್ಲಿ ಜನರ ಕಿವಿಗೆ ಮೊದಲು ಬಿದ್ದುದು ಚಿತ್ರನಟರ ಹೆಸರುಗಳು. ಅನಂತರ ಬಿದ್ದುದು ಲ್ಯಾಂಡ್ ಕ್ರೂಸರ್, ಲ್ಯಾಂಡ್ ರೋವರ್ ಮುಂತಾದ ಗಾಡಿಗಳ ಹೆಸರುಗಳು. ಯಾರ ಮನೆಯ ಅಂಗಳದಿಂದ ಯಾವ ಗಾಡಿ ಹೋಯಿತು ಎಂಬ ಕುತೂಹಲದಲ್ಲಿ, ಅದಕ್ಕಿಂತ ಗುರುತರವಾದ ಒಂದು ಪ್ರಶ್ನೆ ಹಿಂದೆ ಸರಿಯಿತು. ಈ ಗಾಡಿಗಳೇನೂ ಕತ್ತಲೆಯ ಕೊಟ್ಟಿಗೆಗಳಲ್ಲಿ ಬಚ್ಚಿಟ್ಟುಕೊಂಡಿದ್ದವಲ್ಲ. ಅವು ಹಗಲು ಹೊತ್ತಿನಲ್ಲಿ, ಹೆದ್ದಾರಿಗಳಲ್ಲಿ, ಭಾರತದ ನಂಬರ್ ಪ್ಲೇಟು ತೊಟ್ಟು, ಕೈಯಲ್ಲಿ ಆರ್.ಸಿ. ಹಿಡಿದುಕೊಂಡೇ ಓಡಾಡುತ್ತಿದ್ದವು. ಅವುಗಳಿಗೆ ಆ ಪ್ಲೇಟನ್ನೂ ಆ ಪತ್ರವನ್ನೂ ಕೊಟ್ಟವರು ಯಾರು? ಆಪಾದನೆಗಳಲ್ಲಿ ಯಾವುದು ದಿಟ, ಕೊಂಡವರಲ್ಲಿ ಅರಿತು ಕೊಂಡವರೆಷ್ಟು, ಅರಿಯದೆ ಮೋಸಹೋದವರೆಷ್ಟು ಎಂಬುದನ್ನು ನ್ಯಾಯಾಲಯಗಳು ನಿರ್ಣಯಿಸತಕ್ಕದ್ದು. ಅದರಲ್ಲಿ ನಾವು ಕೈಹಾಕುವುದು ಯುಕ್ತವಲ್ಲ. ಆದರೆ ನೆರೆನಾಡಿನ ಹಳೆಯ ಕಾರನ್ನು ನಮ್ಮ ನಾಡಿಗೆ ತರುವ ಈ ವ್ಯವಹಾರವನ್ನು ಅದರ ಬುಡದಿಂದ ನೋಡಿದರೆ, ನಮ್ಮ ಕಾನೂನಿನ ಹಾಗೂ ನಮ್ಮ ಆಡಳಿತದ ಒಂದು ವಿಚಿತ್ರ ಸ್ವಭಾವ ಬೆಳಕಿಗೆ ಬರುತ್ತದೆಯಾದುದರಿಂದ, ಆ ವಿಚಾರವನ್ನು ಸಾವಧಾನವಾಗಿ ಪರಿಶೀಲಿಸುವುದು ಉಚಿತ.

ಭೂತಾನಕ್ಕೂ ಮೋಟಾರು ಗಾಡಿಗೂ ಇರುವ ನಂಟು ಬಹಳ ಪುರಾತನವಾದುದಲ್ಲ. 1958ರಲ್ಲಿ ಪ್ರಧಾನಿ ನೆಹರೂ ಅವರು ಆ ದೇಶಕ್ಕೆ ಹೋಗಬೇಕಾದಾಗ, ನಾಥು ಲಾ ಘಟ್ಟವನ್ನು ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯನ್ನು ಬಳಸಿಕೊಂಡು, ಕುದುರೆಯ ಮೇಲೂ ಯಾಕ್ ಮೃಗದ ಮೇಲೂ ದಿನಗಟ್ಟಲೆ ಪಯಣಿಸಿ ಪಾರೋ ಪಟ್ಟಣವನ್ನು ಸೇರಬೇಕಾಯಿತು. ಏಕೆಂದರೆ ಬಯಲುಸೀಮೆಯಿಂದ ಆ ನಾಡಿನ ಒಳಭಾಗಕ್ಕೆ ಮೋಟಾರು ಏರಬಲ್ಲ ರಸ್ತೆಯೇ ಆಗ ಇರಲಿಲ್ಲ. 1961ರಲ್ಲಿ ನಮ್ಮ ಗಡಿ ರಸ್ತೆ ಸಂಸ್ಥೆಯವರು ‘ದಂತಕ್’ ಎಂಬ ಯೋಜನೆಯನ್ನು ಕೈಗೊಂಡು, ಗಡಿಯ ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಪುವಿಗೆ ರಸ್ತೆಯನ್ನು ಕೊರೆದ ಮೇಲೆಯೇ ಅಲ್ಲಿ ಮೋಟಾರಿನ ಯುಗ ಆರಂಭವಾದುದು. ಕಾರನ್ನು ತಯಾರಿಸುವ ಕಾರ್ಖಾನೆ ಆ ದೇಶದಲ್ಲಿ ಒಂದೂ ಇಲ್ಲ. ಸಣ್ಣ ಕಾರುಗಳು ಬಹುಮಟ್ಟಿಗೆ ಭಾರತದಿಂದ ಹೋಗುತ್ತವೆ. ಕಡಿದಾದ ಮಲೆದಾರಿಗಳಿಗೆ ಬೇಕಾದ ದೊಡ್ಡ ಜೀಪುಮಾದರಿಯ ಗಾಡಿಗಳು ಜಪಾನಿನಿಂದಲೂ ಇತರ ದೂರದೇಶಗಳಿಂದಲೂ ಬರುತ್ತವೆ. ಹೀಗೆ ತರಿಸಿಕೊಳ್ಳುವುದು ಆ ಚಿಕ್ಕ ರಾಜ್ಯದ ಬೊಕ್ಕಸಕ್ಕೆ ಎಂಥ ಭಾರವೆಂದರೆ, ಭಾರತದ ರೂಪಾಯಿಯ ದಾಸ್ತಾನು ಬರಿದಾಗುತ್ತ ಬಂದ 2012ರಲ್ಲಿ ಒಮ್ಮೆ, ವಿದೇಶಿ ವಿನಿಮಯ ಕುಗ್ಗಿದ 2022ರಲ್ಲಿ ಮತ್ತೊಮ್ಮೆ, ಸರ್ಕಾರವು ವಾಹನಗಳ ಆಮದನ್ನೇ ತಡೆಹಿಡಿಯಬೇಕಾಯಿತು.

ಈ ಎರಡು ದೇಶಗಳ ನಡುವಣ ಗಡಿಯಾದರೋ ಇತರ ಗಡಿಗಳಂತಲ್ಲ. ಪಶ್ಚಿಮ ಬಂಗಾಳದ ಜೈಗಾಂವ್ ಪೇಟೆಯ ಬೀದಿಯ ತುದಿಗೆ, ಬಣ್ಣದ ಕೆತ್ತನೆಯ ಚಿತ್ತಾರಗಳಿಂದ ಅಲಂಕೃತವಾದ ಒಂದು ಮಹಾದ್ವಾರವಿದೆ. ಅದರ ಈಚೆಗೆ ಹಾರನ್ನುಗಳ ಗದ್ದಲ, ತಳ್ಳುಗಾಡಿಗಳ ನೂಕುನುಗ್ಗಲು, ಆಚೆಗೆ ಫುಂಟ್‌ಶೋಲಿಂಗ್‌ನ ಶಿಸ್ತಿನ ರಸ್ತೆ. ಬಿಳಿಯಕ್ಷರದಲ್ಲಿ ‘ಬಿ.ಪಿ.’ ಎಂದು ಬರೆದ ಕೆಂಪು ಪ್ಲೇಟಿನ ಭೂತಾನೀ ಕಾರುಗಳು ಜೈಗಾಂವ್‌ನ ಅಂಗಡಿಗಳ ಮುಂದೆ ನಿಂತಿರುವುದನ್ನು ಕಂಡು ಅಲ್ಲಿ ಯಾರೂ ಬೆರಗಾಗುವುದಿಲ್ಲ. ಅಲ್ಲಿಯ ನಾಣ್ಯವಾದ ಙುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಅಲ್ಲಿಯ ಗಾಡಿಗಳೂ ನಮ್ಮವುಗಳಂತೆ ರಸ್ತೆಯ ಎಡಬದಿಯಲ್ಲಿಯೇ ಓಡತಕ್ಕವು, ಸ್ಟೀರಿಂಗು ಬಲಗಡೆಗೆ ಇರತಕ್ಕವು. ಅವುಗಳಿಗೆ ತುಂಬುವ ಪೆಟ್ರೋಲು ಡೀಸೆಲು ಕೂಡ ನಮ್ಮಿಂದಲೇ ಹೋಗತಕ್ಕವು. ಇಷ್ಟೆಲ್ಲ ಸಮಾನವಾಗಿರುವಾಗ, ಅಲ್ಲಿ ಹರಾಜಿಗೆ ಬಂದ ಹಳೆಯ ಕಾರೊಂದನ್ನು ಇಲ್ಲಿಗೆ ಓಡಿಸಿಕೊಂಡು ಬರುವುದರಲ್ಲಿ ಅಪರಾಧವೇನು ಎಂಬ ಭಾವನೆ ಸಾಮಾನ್ಯನ ಮನಸ್ಸಿನಲ್ಲಿ ಮೂಡಿದರೆ ಅದು ಅಸ್ವಾಭಾವಿಕವೆನ್ನಲಾಗದು. ಎರಡು ದೇಶಗಳ ನಡುವೆ ಮುಕ್ತ ವ್ಯಾಪಾರದ ಒಪ್ಪಂದವೂ ಇದೆಯಲ್ಲ ಎಂಬ ವಾದವನ್ನೂ ಇದಕ್ಕೆ ಒತ್ತಾಗಿ ತರುವವರುಂಟು.

ಒಪ್ಪಂದವಿರುವುದು ನಿಜ. 1972ರಲ್ಲಿ ಮೊದಲು ಏರ್ಪಟ್ಟು, ಮತ್ತೆ ಮತ್ತೆ ನವೀಕೃತವಾಗಿ, 2016ರಲ್ಲಿ ಈಗಿನ ರೂಪಕ್ಕೆ ಬಂದ ಆ ಒಪ್ಪಂದದ ಬಲದಿಂದಲೇ ಭೂತಾನದ ಕಿತ್ತಳೆ, ಆಲೂಗೆಡ್ಡೆ, ಏಲಕ್ಕಿ, ಫೆರೋಸಿಲಿಕಾನ್ ಮುಂತಾದುವು ಸುಂಕವಿಲ್ಲದೆ ನಮ್ಮ ಪೇಟೆಗಳಿಗೆ ಇಳಿಯುತ್ತವೆ. ಆದರೆ ಆ ಸವಲತ್ತು ಭೂತಾನದ ನೆಲದಲ್ಲಿ ಹುಟ್ಟಿದ ಸರಕಿಗೆ ಮಾತ್ರ ಸಲ್ಲತಕ್ಕದ್ದು. ಜಪಾನಿನಲ್ಲಿ ತಯಾರಾಗಿ, ಥಿಂಪುವಿನಲ್ಲಿ ಹತ್ತು ವರ್ಷ ಓಡಿದ ಮಾತ್ರಕ್ಕೆ ಲ್ಯಾಂಡ್ ಕ್ರೂಸರ್ ಗಾಡಿ ಭೂತಾನದ ಉತ್ಪನ್ನವಾಗಲಾರದು. ಈ ನಿಯಮ ಸಡಿಲವಾದರೆ ಆಗುವ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ: ದೂರದೇಶಗಳು ಬಳಸಿ ಬಿಟ್ಟ ಗಾಡಿಗಳೆಲ್ಲ ಆ ಪುಟ್ಟ ರಾಜ್ಯದಲ್ಲೊಂದು ರಾತ್ರಿ ತಂಗಿ, ಮರುದಿನ ಬೆಳಗ್ಗೆ ನೆಂಟರ ವೇಷದಲ್ಲಿ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತವೆ, ಲಾಭವೆಲ್ಲ ದಲ್ಲಾಳಿಗೆ, ಅಪವಾದವೆಲ್ಲ ಭೂತಾನಕ್ಕೆ ಸಲ್ಲುತ್ತದೆ. ಆದುದರಿಂದ ನೆರೆಹೊರೆಯ ಸ್ನೇಹದ ದೃಷ್ಟಿಯಿಂದಲೂ ಈ ಕಟ್ಟು ಬೇಕಾದುದೇ.

ಇನ್ನು ನಮ್ಮ ದೇಶದ ಕಾನೂನಿನ ಕಡೆಗೆ ತಿರುಗೋಣ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1949ರಲ್ಲಿಯೇ, ಪೂರ್ತಿ ಜೋಡಿಸಿದ ಮೋಟಾರು ಗಾಡಿಗಳ ಆಮದನ್ನು ಸರ್ಕಾರ ನಿಷೇಧಿಸಿತು. 1953ರಲ್ಲಿ ಸುಂಕ ಆಯೋಗವು, ಇಲ್ಲಿಯೇ ಭಾಗಗಳನ್ನು ತಯಾರಿಸುವ ಸಂಕಲ್ಪವಿಲ್ಲದೆ ಬರಿದೆ ಹೊರಗಿನ ಭಾಗಗಳನ್ನು ಜೋಡಿಸುತ್ತಿರುವ ಕಂಪನಿಗಳಿಗೆ ಎಡೆಯಿಲ್ಲವೆಂದು ಸೂಚಿಸಿದ ಮೇಲೆ, ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ಇಲ್ಲಿಯ ಅಂಗಡಿ ಕಟ್ಟಿಕೊಂಡು ಹೊರಟುಹೋದುವು. ಅಲ್ಲಿಂದ ಮುಂದೆ ಮೂರು ದಶಕಗಳ ಕಾಲ ನಮ್ಮ ಜನರ ಪಾಲಿಗೆ ಕಾರೆಂದರೆ ಅಂಬಾಸಡರು, ಫಿಯಟ್ಟು, ಸ್ಟ್ಯಾಂಡರ್ಡು, ಇಷ್ಟೇ. ವಿದೇಶಿ ಕಾರಿನ ಮೇಲೆ ಆಸೆಯುಳ್ಳವರಿಗೆ ಆಗಲೂ ಒಂದು ಕಿರುದಾರಿ ಇತ್ತು: ರಾಯಭಾರ ಕಚೇರಿಗಳವರು ಬಳಸಿ ಬಿಟ್ಟುಹೋಗುವ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ತನ್ನ ವಶಕ್ಕೆ ತೆಗೆದುಕೊಂಡು ಹರಾಜು ಹಾಕುತ್ತಿತ್ತು. ಸಿರಿವಂತರೂ ಸಿನಿಮಾದವರೂ ಅಲ್ಲಿ ಕೂಗಿ ಕೊಂಡ ಕಾರಿಗೆ ಬೆಲೆ ಹೆಚ್ಚಾಗಿರಬಹುದು. ಆದರೆ ಅದರ ಪತ್ರಗಳಲ್ಲಿ ಕಳಂಕವಿರಲಿಲ್ಲ. ಆಸೆಯನ್ನು ಅಡಗಿಸಲು ಆಗದ ಕಡೆ ಅದಕ್ಕೊಂದು ಲೆಕ್ಕವಿಟ್ಟ ಬಾಗಿಲನ್ನು ತೆರೆದಿಡುವ ವಿವೇಕ ಆ ಕಟ್ಟುನಿಟ್ಟಿನ ಕಾಲದಲ್ಲಿಯೂ ಇದ್ದಿತೆಂಬುದು ಗಮನಾರ್ಹ.

ವಿಶ್ವ ವ್ಯಾಪಾರ ಸಂಸ್ಥೆಯ ಕಟ್ಟಳೆಗಳಿಗೆ ಮಣಿದು 2001ರ ಏಪ್ರಿಲ್ 1ರಂದು ಆಮದಿನ ಮೇಲಣ ಪರಿಮಾಣದ ನಿರ್ಬಂಧಗಳನ್ನು ತೆಗೆದುಹಾಕಿದಾಗ, ಹಳೆಯ ಕಾರಿನ ಮುಂದೆಯೂ ಬಾಗಿಲು ತೆರೆಯಿತು. ಆದರೆ ತೆರೆದ ಬಾಗಿಲಿನ ಹೊಸ್ತಿಲಲ್ಲಿ ಷರತ್ತುಗಳ ಒಂದು ದೊಡ್ಡ ಸಾಲೇ ನಿಂತಿತು. ಆ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟೀರಿಂಗು ಬಲಗಡೆಗಿರಬೇಕು. ವೇಗವನ್ನು ಕಿಲೋಮೀಟರುಗಳಲ್ಲಿ ತೋರಿಸಬೇಕು. ದೀಪಗಳ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಬೇಕು. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಅದಕ್ಕಿರಬೇಕು. ಆ ಐದು ವರ್ಷವೂ ರಿಪೇರಿಯ ಸೌಕರ್ಯ ಒದಗಿಸುವ ಭರವಸೆಯನ್ನು ತಂದವನು ಕೊಡಬೇಕು. ಹೊರಡುವ ದೇಶದಲ್ಲಿ ಒಮ್ಮೆ ಪರೀಕ್ಷೆಗೊಳಗಾಗಿ ಪ್ರಮಾಣಪತ್ರ ಪಡೆದು, ಇಲ್ಲಿ ಇಳಿದ ಮೇಲೆ ಪುಣೆಯಲ್ಲಿಯೋ ಅಹ್ಮದ್‌ನಗರದಲ್ಲಿಯೋ ಮಧ್ಯಪ್ರದೇಶದ ಬುದ್ನಿಯಲ್ಲಿಯೋ ಇರುವ ನಿಯತ ಸಂಸ್ಥೆಯಿಂದ ಮತ್ತೊಮ್ಮೆ ಪರೀಕ್ಷಿಸಲ್ಪಡಬೇಕು. ಇಷ್ಟಾದ ಮೇಲೂ ಅದು ಮುಂಬಯಿಯ ಬಂದರಿನ ಮೂಲಕವೇ ದೇಶವನ್ನು ಪ್ರವೇಶಿಸತಕ್ಕದ್ದು. ಸುತ್ತಲೂ ನೆಲದಿಂದಲೇ ಆವೃತವಾದ, ಕಡಲನ್ನೇ ಕಾಣದ, ನಮ್ಮ ಮಗ್ಗುಲಿಗೇ ಇರುವ ಹಿಮಾಲಯದ ನಾಡಿನ ಕಾರೊಂದು ಜೈಗಾಂವ್‌ನ ದ್ವಾರವನ್ನು ಬಿಟ್ಟು ಪಶ್ಚಿಮ ಸಮುದ್ರದ ಕಡೆಯಿಂದ ಬಂದಿಳಿಯಬೇಕೆಂಬ ಈ ವಿಧಿಯನ್ನು ರಚಿಸಿದವರು ಭೂಪಟವನ್ನು ನೋಡದೆ ರಚಿಸಿದರೆಂದು ನಾನು ಭಾವಿಸಲಾರೆ; ಯಾರೂ ತರದಿರಲಿ ಎಂಬ ಉದ್ದೇಶದಿಂದಲೇ ರಚಿಸಿದರೆಂದು ಭಾವಿಸುವುದೇ ನ್ಯಾಯ.

ಷರತ್ತುಗಳನ್ನೆಲ್ಲ ಗೆದ್ದವನನ್ನು ಸುಂಕ ಕಾದಿರುತ್ತದೆ. ಹಳೆಯ ಕಾರಿನ ಮೇಲೆ ಮೂಲಸುಂಕವೂ ಅದಕ್ಕೆ ಸೇರಿಕೊಳ್ಳುವ ಸೆಸ್ಸೂ ಕೂಡಿ ಶೇಕಡ 137.5ರಷ್ಟಾಗುತ್ತದೆ, 2025ರ ಮುಂಗಡಪತ್ರದಲ್ಲಿ ಭಾಗಗಳ ಹೆಸರುಗಳು ಬದಲಾದರೂ ಮೊತ್ತ ಬದಲಾಗಲಿಲ್ಲ. ಅದರ ಮೇಲೆ, ದೊಡ್ಡ ಗಾಡಿಯಾದರೆ, 2025ರ ಸೆಪ್ಟೆಂಬರ್ 22ರಿಂದ ಶೇಕಡ 40ರ ಜಿ.ಎಸ್.ಟಿ. ಆದುದರಿಂದ ಸಾಗಣೆ, ವಿಮೆಗಳೂ ಸೇರಿ 10 ಲಕ್ಷ ರೂಪಾಯಿ ಬೆಲೆಗೆ ಬಂದಿಳಿದ ದೊಡ್ಡ ಹಳೆಯ ಕಾರು ಬಂದರಿನಿಂದ ಹೊರಬೀಳುವಷ್ಟರಲ್ಲಿ 33 ಲಕ್ಷ 25 ಸಾವಿರ ರೂಪಾಯಿಯ ಕಾರಾಗುತ್ತದೆ; ರಾಜ್ಯದ ರಸ್ತೆ ತೆರಿಗೆಯ ಮಾತು ಬೇರೆ. ಇದೇ ಕಾರು ಸುಂಕದ ಕಟ್ಟೆಯ ಪಕ್ಕದಿಂದ ನುಸುಳಿ ಬಂದರೆ ಉಳಿಯುವ ಹಣವೆಷ್ಟೆಂಬುದನ್ನು ದಲ್ಲಾಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾನೂನಿನ ಬಾಯಲ್ಲಿ ‘ಅನುಮತಿ’ಯೆಂಬ ಮಾತು, ಅದರ ಕೈಯಲ್ಲಿ ನಿಷೇಧದ ದಂಡ: ಇವೆರಡೂ ಒಟ್ಟಿಗಿರುವೆಡೆ ಕಳ್ಳದಾರಿಯೊಂದು ಹುಟ್ಟಿಕೊಳ್ಳುವುದು ಅನಿವಾರ್ಯ. ಹಾಗೆಂದು ಕಳ್ಳದಾರಿ ಹಿಡಿದವನನ್ನು ನಾನು ಸಮರ್ಥಿಸುತ್ತಿಲ್ಲ. ದಾರಿ ಎಲ್ಲಿ, ಏಕೆ ಹುಟ್ಟುತ್ತದೆಂಬುದನ್ನು ಅರಿಯದೆ ಅದನ್ನು ಮುಚ್ಚಲಾಗದೆಂಬುದಷ್ಟೆ ನನ್ನ ಅಭಿಪ್ರಾಯ.

ಈ ಆಸೆಯನ್ನೂ ಬರಿಯ ಸಿರಿವಂತರ ಚಪಲವೆಂದು ತಳ್ಳಿಹಾಕಲಾಗದು. ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳ ಕಡೆ ಹೋದವರಿಗೆ ಇದು ಗೊತ್ತಿರುವ ವಿಷಯ. ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ ವಿಲ್ಲಿಸ್ ಜೀಪುಗಳು, ಅನಂತರದ ಕಾಲದ ಮಿಲಿಟರಿ ಜೋಂಗಾಗಳು, ಜಿಪ್ಸಿಗಳು ಅಲ್ಲಿಯ ಕೆಸರುದಾರಿಗಳಲ್ಲಿ ಗೊಬ್ಬರ ಹೊತ್ತು, ಆಳುಗಳನ್ನು ಹೊತ್ತು, ಮಳೆಗಾಲದ ನಡುರಾತ್ರಿ ಹೆರಿಗೆಯ ಹೆಂಗಸನ್ನು ಆಸ್ಪತ್ರೆಗೆ ಹೊತ್ತು ಬಾಳಿದ ಗಾಡಿಗಳು. ಹೊಸ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಸರಂಜಾಮು ಹೆಚ್ಚುತ್ತ ಬಂದಂತೆ, ಊರಿನ ಮೆಕ್ಯಾನಿಕ್ಕನೊಬ್ಬ ಸ್ಪಾನರು ಹಿಡಿದು ಸರಿಮಾಡಬಲ್ಲ ಹಳೆಯ ಡೀಸೆಲ್ ಎಂಜಿನ್ನಿನ ಮೇಲೆ, ನಾಲ್ಕೂ ಚಕ್ರಕ್ಕೆ ಬಲ ಹಾಯಿಸುವ ಹಳೆಯ ಗೇರ್‌ಪೆಟ್ಟಿಗೆಯ ಮೇಲೆ, ಬಲ್ಲವರಿಗೆ ಮಮತೆ ಹೆಚ್ಚುತ್ತದೆ. ಆ ಮಮತೆಯನ್ನೇ ದಲ್ಲಾಳಿ ಬಂಡವಾಳ ಮಾಡಿಕೊಳ್ಳುತ್ತಾನೆ. ಸೈನ್ಯದ ಹರಾಜಿನ ಗಾಡಿಯೆಂದು ಅವನು ಹೇಳಿದೊಡನೆ ನಮ್ಮ ಜನರಿಗೆ ಅದು ಪರಿಚಿತವಾದ ಮಾತಾಗಿ ಕೇಳಿಸುತ್ತದೆ. ಯಾವ ದೇಶದ ಸೈನ್ಯವೆಂದು ಕೇಳಲು ಯಾರಿಗೂ ತೋಚುವುದಿಲ್ಲ.

ಹೀಗೆ ಬಂದ ಗಾಡಿ ಭಾರತೀಯ ಗಾಡಿಯಾಗುವ ಬಗೆಯೇ ಈ ಇಡೀ ವ್ಯವಹಾರದ ಮರ್ಮ. ಕೇರಳದ ಪ್ರಕರಣದಲ್ಲಿ ತನಿಖಾಧಿಕಾರಿಗಳು ಹೇಳಿರುವಂತೆ, ಸೈನ್ಯದ ಹೆಸರಿನಲ್ಲಿ, ರಾಯಭಾರ ಕಚೇರಿಗಳ ಹೆಸರಿನಲ್ಲಿ ಖೋಟಾ ಪತ್ರಗಳನ್ನು ಸೃಷ್ಟಿಸಿ, ದೂರದ ಗುಡ್ಡಗಾಡಿನ ರಾಜ್ಯಗಳ ಸಾರಿಗೆ ಕಚೇರಿಗಳಲ್ಲಿ ಗಾಡಿಗಳನ್ನು ನೋಂದಾಯಿಸಿ, ಅನಂತರ ದಕ್ಷಿಣಕ್ಕೆ ತಂದು ಮಾರಲಾಗಿದೆ. ಈ ಕ್ರಮ ಏಕೆ ಫಲಿಸುತ್ತದೆಂದರೆ, 1988ರ ಮೋಟಾರು ವಾಹನಗಳ ಅಧಿನಿಯಮದ 46ನೆಯ ಪ್ರಕರಣದ ಮೇರೆಗೆ ಒಂದು ರಾಜ್ಯದಲ್ಲಿ ಆದ ನೋಂದಣಿಯು ಇಡೀ ದೇಶಕ್ಕೆ ಸಿಂಧು. ದೇಶ ಒಂದೆಂಬ ತತ್ತ್ವಕ್ಕೆ ಅನುಗುಣವಾದ, ಸರ್ವಥಾ ಸಾಧುವಾದ ನಿಯಮವೇ ಅದು. ಆದರೆ ಸಾವಿರ ಕಚೇರಿಗಳಲ್ಲಿ ಅತ್ಯಂತ ಅಲಕ್ಷ್ಯದ ಕಚೇರಿ ಯಾವುದೋ ಅದರ ಎಚ್ಚರವೇ ಇಡೀ ದೇಶದ ಎಚ್ಚರವಾಗಿಬಿಡುವುದೂ ಅದರ ಫಲವೇ. ಎಲ್ಲಿಯೋ ಒಂದು ಮೇಜಿನ ಮೇಲೆ ಒಬ್ಬ ಗುಮಾಸ್ತನ ಕಣ್ಣು ತಪ್ಪಿದರೆ, ಅಥವಾ ಆ ಕಣ್ಣನ್ನು ಹಣ ಕೊಟ್ಟು ಮುಚ್ಚಿಸಿದರೆ, ಮುಂದಿನ ಕಚೇರಿಗಳೆಲ್ಲ ಆ ಮೊದಲ ಮುದ್ರೆಯನ್ನು ನಂಬಿಯೇ ತಮ್ಮ ಮುದ್ರೆಯನ್ನು ಒತ್ತುತ್ತವೆ. ಒಂದು ರಾಜ್ಯದಿಂದ ಎನ್.ಒ.ಸಿ. ಪಡೆದು ಇನ್ನೊಂದರಲ್ಲಿ ಹೊಸ ನಂಬರು ತೆಗೆದುಕೊಂಡ ಮೇಲೆ, ಎರಡು ಕೈ ಬದಲಾಗಿ ಮೂರನೆಯವನಿಗೆ ಬರುವ ಹೊತ್ತಿಗೆ, ಗಾಡಿಯ ಜನ್ಮವೃತ್ತಾಂತ ಪತ್ರಗಳಿಂದ ಅಳಿಸಿಹೋಗಿರುತ್ತದೆ.

ಪತ್ರಗಳಿಂದ ಅಳಿಸಿಹೋದರೂ ಲೋಹದಿಂದ ಅಷ್ಟು ಸುಲಭವಾಗಿ ಅಳಿಸಿಹೋಗುವುದಿಲ್ಲ. ಬಾನೆಟ್ಟನ್ನು ಎತ್ತಿಯೋ, ಇಂಥ ಗಾಡಿಗಳಲ್ಲಿ ಅನೇಕ ವೇಳೆ ಬಲಗಡೆಯ ಮುಂಚಕ್ರದ ಬಳಿ ಮಂಡಿಯೂರಿ ಕುಳಿತು, ಉದ್ದನೆಯ ಚಾಸಿ ತೊಲೆಯ ಮೇಲಿನ ಒಣಗಿದ ಕೆಸರನ್ನು ಬಟ್ಟೆಯಿಂದ ಉಜ್ಜಿಯೋ ನೋಡಿದರೆ, ಕಬ್ಬಿಣದಲ್ಲಿ ಕೊರೆದ ಚಾಸಿ ನಂಬರು ಕಾಣಿಸುತ್ತದೆ. ಹದಿನೇಳು ಅಕ್ಷರ ಮತ್ತು ಅಂಕಿಗಳ ಆ ಸಾಲಿನ ಮೊದಲ ಅಕ್ಷರಗಳು ಗಾಡಿ ಹುಟ್ಟಿದ ದೇಶವನ್ನು ಸೂಚಿಸುತ್ತವೆ: ‘ಜೆ’ ಎಂದಿದ್ದರೆ ಜಪಾನು, ‘ಎಸ್‌ಎ’ ಎಂದಿದ್ದರೆ ಇಂಗ್ಲೆಂಡು, ‘ಎಂಎ’ ಎಂದಿದ್ದರೆ ನಮ್ಮ ದೇಶ. ಜಪಾನಿನ ಒಳಪೇಟೆಗೆಂದೇ ತಯಾರಾದ ಗಾಡಿಯಾದರೆ ಹದಿನೇಳರ ಸಾಲೂ ಇರುವುದಿಲ್ಲ. ಮಾದರಿಯ ಗುರುತು, ನಡುವೆ ಒಂದು ಅಡ್ಡಗೆರೆ, ಮುಂದೆ ಕ್ರಮಸಂಖ್ಯೆ, ಅಷ್ಟೆ. ಅಂಕಿಗಳನ್ನು ತಿಕ್ಕಿ ಮತ್ತೆ ಕೊರೆದಿದ್ದರೆ, ಸಾಲು ಓರೆಯಾಗಿರುವುದು, ಆಳ ಒಂದೇ ಸಮನಾಗಿಲ್ಲದಿರುವುದು, ಸುತ್ತಲಿನ ಬಣ್ಣ ಹೊಸದಾಗಿರುವುದು, ಇವೆಲ್ಲ ಅನುಭವಿಯ ಬೆರಳಿಗೆ ಕೂಡಲೆ ತಿಳಿಯುತ್ತವೆ. ಹೊರದೇಶದಲ್ಲಿ ಹುಟ್ಟಿದ ಗಾಡಿಯೆಂದು ಲೋಹವೇ ಸಾರುತ್ತಿರುವಾಗ, ಅದು ಸುಂಕ ಕಟ್ಟಿ ಬಂದುದಕ್ಕೆ ಪತ್ರವೆಲ್ಲಿ ಎಂದು ಕೇಳುವುದು ನೋಂದಣಾಧಿಕಾರಿಯ ಪ್ರಥಮ ಕರ್ತವ್ಯ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 47ನೆಯ ನಿಯಮವು ಆಮದಾದ ಗಾಡಿಗೆ ಕಸ್ಟಮ್ಸ್ ಪ್ರಮಾಣಪತ್ರವನ್ನೂ ಸೈನ್ಯದಿಂದ ಬಂದ ಗಾಡಿಗೆ ಅಲ್ಲಿಯ ಅಧಿಕಾರಿಗಳ ಮೂಲ ಮಾರಾಟಪತ್ರವನ್ನೂ ಸ್ಪಷ್ಟವಾಗಿಯೇ ಕೇಳುತ್ತದೆ. ನಿಯಮದಲ್ಲಿ ಕೊರತೆಯಿಲ್ಲ. ಬಂದ ಪತ್ರ ಅಸಲೋ ನಕಲೋ ಎಂದು ಅದನ್ನು ಕೊಟ್ಟವರನ್ನೇ ಕೇಳಿ ತಿಳಿಯುವ ಅಭ್ಯಾಸ ಇಲ್ಲ.

ನೋಂದಣಿಯ ಊರನ್ನು ತನಗೆ ಬೇಕಾದಂತೆ ಆರಿಸಿಕೊಳ್ಳುವ ಈ ಜಾಣತನ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ನಮ್ಮಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡ 18. ದೇಶದಲ್ಲಿಯೇ ಹೆಚ್ಚಿನ ದರಗಳಲ್ಲೊಂದು. ಇದನ್ನು ತಪ್ಪಿಸಿಕೊಳ್ಳಲು ಪುದುಚೇರಿಯಲ್ಲಿಯೋ ಮತ್ತೊಂದು ಕಡೆಯೋ ನೋಂದಾಯಿಸಿ ಬೆಂಗಳೂರಿನ ರಸ್ತೆಗಳಲ್ಲಿ ಓಡಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. 2025ರ ಜುಲೈ ತಿಂಗಳಲ್ಲಿ ಮಹಾರಾಷ್ಟ್ರದ ನಂಬರು ಹೊತ್ತ ಒಂದು ಕೆಂಪು ಫೆರಾರಿಯನ್ನು ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಹಿಡಿದು, ಅದರ ಮಾಲೀಕರಿಂದ 1.4 ಕೋಟಿ ರೂಪಾಯಿಗೂ ಮಿಕ್ಕ ತೆರಿಗೆಯನ್ನು ದಂಡಸಹಿತ ವಸೂಲು ಮಾಡಿದರು. ಆ ಪ್ರಕರಣಕ್ಕೂ ಭೂತಾನದ ಗಾಡಿಗಳ ಪ್ರಕರಣಕ್ಕೂ ಅಂತರ ಬಹಳವಿದೆ: ಅಲ್ಲಿ ಬಾಕಿಯಿದ್ದುದು ರಾಜ್ಯದ ತೆರಿಗೆ ಮಾತ್ರ, ಇಲ್ಲಿ ಗಾಡಿಯ ಅಸ್ತಿತ್ವವೇ ಸುಳ್ಳಿನ ಮೇಲೆ ನಿಂತದ್ದು. ಆದರೂ ಎರಡಕ್ಕೂ ಮೂಲವಾದ ಮನೋಧರ್ಮ ಒಂದೇ. ಗಾಡಿ ಓಡುವುದು ಒಂದೆಡೆ, ಅದರ ಕಾಗದ ವಾಸಿಸುವುದು ಮತ್ತೊಂದೆಡೆ ಎಂಬುದನ್ನು ಸಮಾಜ ಒಮ್ಮೆ ಜಾಣತನವೆಂದು ಒಪ್ಪಿಕೊಂಡಿತೆಂದರೆ, ಆ ಕಾಗದ ಅಸಲಿಯಾಗಿರಲೇಬೇಕೆಂಬ ನಿರ್ಬಂಧವೂ ಕಾಲಕ್ರಮದಲ್ಲಿ ಸಡಿಲಗೊಳ್ಳುತ್ತದೆ.

ಕೊಳ್ಳುವವನ ಹೊಣೆಯೇನು? ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸದೆ, ಸುಳಿ ನೋಡದೆ, ನಾಲ್ಕು ಹೆಜ್ಜೆ ನಡೆಸದೆ ಹಣದ ಚೀಲದ ಬಾಯಿ ಬಿಚ್ಚುವುದಿಲ್ಲ. ಲಕ್ಷಾಂತರ ರೂಪಾಯಿ ಕೊಟ್ಟು ಗಾಡಿ ಕೊಳ್ಳುವ ವಿದ್ಯಾವಂತನು ಬಣ್ಣವನ್ನೂ ಎಂಜಿನ್ನಿನ ಸದ್ದನ್ನೂ ಮಾತ್ರ ಪರೀಕ್ಷಿಸಿ, ಪೇಟೆಯ ಬೆಲೆಯ ಅರ್ಧಕ್ಕೆ ಸಿಕ್ಕಿತಲ್ಲ ಎಂದು ಹಿಗ್ಗಿದರೆ, ಆ ಅರ್ಧ ಬೆಲೆಯಲ್ಲಿಯೇ ಅವನಿಗೆ ಬರಬೇಕಾಗಿದ್ದ ಎಚ್ಚರಿಕೆ ಅಡಗಿತ್ತೆಂದು ಹೇಳಬೇಕಾಗುತ್ತದೆ. ಏಕೆಂದರೆ ನಷ್ಟ ಕಟ್ಟಕಡೆಗೆ ಬಂದು ನಿಲ್ಲುವುದು ಅವನ ತಲೆಯ ಮೇಲೆಯೇ. 1962ರ ಕಸ್ಟಮ್ಸ್ ಅಧಿನಿಯಮವು ಕಳ್ಳಸಾಗಣೆಯ ಸರಕನ್ನು ಅದು ಯಾರ ಕೈಯಲ್ಲಿದ್ದರೂ ಮುಟ್ಟುಗೋಲು ಹಾಕಲು ಅಧಿಕಾರ ಕೊಡುತ್ತದೆ. ಮೋಟಾರು ವಾಹನಗಳ ಅಧಿನಿಯಮದ 55ನೆಯ ಪ್ರಕರಣವು, ಸುಳ್ಳು ಪತ್ರಗಳ ಮೇಲೆ ಪಡೆದ ನೋಂದಣಿಯನ್ನು ರದ್ದುಪಡಿಸಲು ಅಧಿಕಾರ ಕೊಡುತ್ತದೆ. ಆ ವೇಳೆಗೆ ದಲ್ಲಾಳಿಯ ಫೋನು ಸ್ತಬ್ಧವಾಗಿರುತ್ತದೆ. ಇದಕ್ಕಿಂತ ಘೋರವಾದುದು ಅಪಘಾತದ ಸಂದರ್ಭ: ಇಂಥ ಗಾಡಿ ದಾರಿಹೋಕನೊಬ್ಬನಿಗೆ ಬಡಿದರೆ, ಚಾಸಿ ನಂಬರೇ ಸುಳ್ಳೆಂದು ವಿಮೆಯವರು ತಕರಾರು ತೆಗೆಯುವುದಕ್ಕೆ ಅವಕಾಶವಾಗಿ, ಏನೂ ಅರಿಯದ ಆ ಬಡವನ ಸಂಸಾರ ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ. ಶ್ರೀಮಂತರ ಹವ್ಯಾಸದಿಂದ ಬೊಕ್ಕಸಕ್ಕೆ ಒಂದಷ್ಟು ಸುಂಕ ಹೋದರೆ ಯಾರಿಗೇನು ಕೇಡು ಎಂದು ಕೇಳುವವರು ಈ ಸಂಸಾರವನ್ನು ನೆನೆಯಬೇಕು.

ಹಾಗಾದರೆ ಬಾಗಿಲನ್ನು ಹಾರುಹೊಡೆದು, ನೆರೆನಾಡಿನ ಹಳೆಯ ಕಾರುಗಳನ್ನು ಅಲ್ಪಸುಂಕಕ್ಕೆ ಬರಮಾಡಿಕೊಂಡರೆ ಕಳ್ಳಸಾಗಣೆ ತಾನಾಗಿ ನಿಲ್ಲುವುದಿಲ್ಲವೆ ಎಂಬ ವಾದಕ್ಕೆ ಉತ್ತರ ಹೇಳಬೇಕು. ಬಾಂಗ್ಲಾದೇಶದವರು ಐದು ವರ್ಷದೊಳಗಿನ ಜಪಾನೀ ಹಳೆಯ ಕಾರುಗಳನ್ನು ತರಿಸಿಕೊಳ್ಳುತ್ತಾರೆ. ಢಾಕಾದ ಮಧ್ಯಮವರ್ಗದ ಕಾರೆಂದರೆ ಬಹುಮಟ್ಟಿಗೆ ಅದೇ. ಶ್ರೀಲಂಕೆಯವರೂ ಅದೇ ಜಾಡಿನಲ್ಲಿ ನಡೆದರು. 2020ರಲ್ಲಿ ವಿದೇಶಿ ವಿನಿಮಯ ಕ್ಷೀಣಿಸಿ ಆಮದನ್ನೇ ನಿಲ್ಲಿಸಬೇಕಾಗಿ ಬಂದಾಗ, ಅಲ್ಲಿ ಇದ್ದ ಹಳೆಯ ಕಾರುಗಳ ಬೆಲೆ ಕೊಂಡ ಬೆಲೆಯನ್ನೂ ಮೀರಿ ಏರಿತು. ಖಾಸಗಿ ಕಾರುಗಳಿಗೆ ಬಾಗಿಲು ಮತ್ತೆ ತೆರೆದುದು 2025ರಲ್ಲಿ. ಸ್ವಂತ ಕಾರು ಉದ್ಯಮವಿಲ್ಲದ ದೇಶಗಳ ಲೆಕ್ಕಾಚಾರ ಬೇರೆ. ಲಕ್ಷಾಂತರ ಮಂದಿ ಕಾರು ಕಾರ್ಖಾನೆಗಳಲ್ಲಿಯೂ ಬಿಡಿಭಾಗಗಳ ಶೆಡ್ಡುಗಳಲ್ಲಿಯೂ ದುಡಿಯುವ ನಮ್ಮ ಲೆಕ್ಕಾಚಾರ ಬೇರೆ. ಮೇಲಾಗಿ 2020ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಗಾಡಿಗಳಿಗೆಲ್ಲ ಬಿ.ಎಸ್. 6 ಎಂಬ ಹೊಗೆಯ ಕಟ್ಟಳೆಯನ್ನು ವಿಧಿಸಿ, ತಯಾರಕರಿಂದಲೂ ಕೊಳ್ಳುವವರಿಂದಲೂ ಅದರ ವೆಚ್ಚವನ್ನು ತೆರಿಸಿದ್ದೇವೆ. ಅದೇ ಕಾಲದಲ್ಲಿ ಇಪ್ಪತ್ತು ವರ್ಷ ಹಳೆಯ ವಿದೇಶಿ ಡೀಸೆಲ್ಲಿಗೆ ರತ್ನಗಂಬಳಿ ಹಾಸುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ. ಆದುದರಿಂದ ಹಳೆಯ ಕಾರಿನ ಆಮದು ಕಷ್ಟಸಾಧ್ಯವಾಗಿಯೇ ಇರಬೇಕೆಂಬ ಸರ್ಕಾರದ ಮೂಲೋದ್ದೇಶವನ್ನು ನಾನು ಒಪ್ಪುತ್ತೇನೆ. ಒಪ್ಪದಿರುವುದು ಆ ಉದ್ದೇಶವನ್ನು ಸಾಧಿಸುತ್ತಿರುವ ರೀತಿಯನ್ನು.

ಆಗಬೇಕಾದ ಕೆಲಸಗಳು ದೊಡ್ಡವೂ ಅಲ್ಲ, ಹಣ ಬೇಡುವವೂ ಅಲ್ಲ. ಮೊದಲನೆಯದಾಗಿ, ಹೊರದೇಶದ ಚಾಸಿ ನಂಬರುಳ್ಳ ಯಾವ ಗಾಡಿಯನ್ನೂ, ಅದು ಬಂದರಿನಲ್ಲಿ ಇಳಿದಾಗ ಸಲ್ಲಿಸಿದ ಬಿಲ್ ಆಫ್ ಎಂಟ್ರಿಯ ದಾಖಲೆ ಕಸ್ಟಮ್ಸ್ ಇಲಾಖೆಯ ಗಣಕದಿಂದಲೇ ನೇರವಾಗಿ ಗಾಡಿಗಳ ನೋಂದಣಿಯ ‘ವಾಹನ್’ ಗಣಕಕ್ಕೆ ಬಂದು ತಾಳೆಯಾಗದ ಹೊರತು, ಯಾವ ರಾಜ್ಯದ ಯಾವ ಕಚೇರಿಯೂ ನೋಂದಾಯಿಸಕೂಡದು. ಅರ್ಜಿದಾರ ಕೈಯಲ್ಲಿ ಹಿಡಿದು ತಂದ ಕಾಗದಕ್ಕೆ ಇಲ್ಲಿ ಬೆಲೆಯೇ ಇರಬಾರದು. ಸೈನ್ಯದ, ರಾಯಭಾರ ಕಚೇರಿಗಳ ಗಾಡಿಗಳಿಗೂ ಇದೇ ವಿಧಿ: ಮಾರಿದವರ ಕಡೆಯಿಂದಲೇ ದೃಢೀಕರಣ ಬರಬೇಕು. ಎರಡನೆಯದಾಗಿ, ಭೂತಾನದಲ್ಲಿ ನೋಂದಣಿಯಿಂದ ಹೊರಬಿದ್ದ, ಹರಾಜಾದ ಗಾಡಿಗಳ ಚಾಸಿ ನಂಬರುಗಳನ್ನು ಆ ಸರ್ಕಾರದಿಂದ ಕಾಲಕಾಲಕ್ಕೆ ಪಡೆಯುವ ಏರ್ಪಾಡಾಗಬೇಕು; ರಸ್ತೆಯನ್ನೇ ಕಟ್ಟಿಕೊಟ್ಟ, ವಿದ್ಯುತ್ತನ್ನು ಹಂಚಿಕೊಳ್ಳುವ ಎರಡು ಸರ್ಕಾರಗಳಿಗೆ ಒಂದು ಪಟ್ಟಿಯನ್ನು ಹಂಚಿಕೊಳ್ಳುವುದು ದುಸ್ಸಾಧ್ಯವಲ್ಲ. ಮೂರನೆಯದಾಗಿ, ಈಗಾಗಲೆ ಇಂಥ ಗಾಡಿಯನ್ನು ಅರಿಯದೆ ಕೊಂಡಿರುವವನು ತಾನಾಗಿ ಬಂದು ತಿಳಿಸಿದರೆ, ಅವನನ್ನು ಕಳ್ಳಸಾಗಣೆಗಾರನ ಸಾಲಿನಲ್ಲಿ ನಿಲ್ಲಿಸದೆ, ಮುಟ್ಟುಗೋಲಿನ ಬದಲು ದಂಡ ತೆತ್ತು ಸರಕನ್ನು ಬಿಡಿಸಿಕೊಳ್ಳಲು ಕಸ್ಟಮ್ಸ್ ಅಧಿನಿಯಮದ 125ನೆಯ ಪ್ರಕರಣದಲ್ಲಿರುವ ಅವಕಾಶವನ್ನು ಅವನ ವಿಷಯದಲ್ಲಿ ಉದಾರವಾಗಿ ಪರಿಗಣಿಸಬೇಕು. ಮೊದಲ ನೋಂದಣಿಗೆ ಸಹಿ ಹಾಕಿದ ಕೈಯನ್ನು ಪತ್ತೆಹಚ್ಚಲು ಅವನ ಸಾಕ್ಷ್ಯಕ್ಕಿಂತ ಉಪಯುಕ್ತವಾದುದು ಬೇರೊಂದಿಲ್ಲ. ನಾಲ್ಕನೆಯದಾಗಿ, ಮುಂಬಯಿ ಬಂದರು, ಮೂರು ವರ್ಷ ಮುಂತಾದ ಒಗಟುಗಳನ್ನು ಸರ್ಕಾರ ಕೈಬಿಟ್ಟು, ತರಬಹುದಾದ ಗಾಡಿ ಯಾವುದು, ತರಬಾರದ ಗಾಡಿ ಯಾವುದು ಎಂಬುದನ್ನು ಸಾಮಾನ್ಯನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಐವತ್ತು ವರ್ಷ ಮೀರಿದ ಗಾಡಿಗಳಿಗೆ 2021ರಲ್ಲಿ ಪ್ರತ್ಯೇಕ ನೋಂದಣಿಯನ್ನೂ ‘ವಿ.ಎ.’ ಎಂಬ ಗುರುತನ್ನೂ ಕೊಟ್ಟು, ಅವುಗಳ ನಿತ್ಯದ ಓಡಾಟಕ್ಕೆ ಮಿತಿ ಹಾಕಿದಂತೆ, ಹವ್ಯಾಸದ ಗಾಡಿಗಳಿಗಾಗಿ ಲೆಕ್ಕವಿಟ್ಟ ಒಂದು ಸಣ್ಣ ಹರಾಜಿನ ಮಾರ್ಗವನ್ನು ತೆರೆದರೂ ನಷ್ಟವಿಲ್ಲ.

ಜೈಗಾಂವ್‌ನ ದ್ವಾರದಲ್ಲಿ ಕಾವಲನ್ನು ಹೆಚ್ಚಿಸಬೇಕೆಂಬ ಕೂಗು ಈ ಪ್ರಕರಣದ ಮೇಲೆ ಎದ್ದೇ ಏಳುತ್ತದೆ. ಹೆಚ್ಚಿಸಿದರೆ ತೊಂದರೆಯಾಗುವುದು ಬೆಳಗ್ಗೆ ಗಡಿ ದಾಟಿ ಸಂಜೆ ಮರಳುವ ಕೂಲಿಗೆ, ಔಷಧಿಗೆಂದು ಬರುವ ರೋಗಿಗೆ, ನಮ್ಮ ಸಣ್ಣ ವ್ಯಾಪಾರಿಗೆ. ಗಾಡಿಯನ್ನು ಬಿಚ್ಚಿ ಭಾಗಭಾಗವಾಗಿ ಸಾಗಿಸಬಲ್ಲ ದಲ್ಲಾಳಿಗೆ ಅದರಿಂದ ಹೆಚ್ಚಿನ ಬಾಧೆಯೇನೂ ಇಲ್ಲ. ನೂರಾರು ಮೈಲಿ ಉದ್ದದ, ಕಾಡು ತೊರೆಗಳ ನಡುವೆ ಹಾಯುವ ಸ್ನೇಹದ ಗಡಿಯನ್ನು ಬೇಲಿಯಿಂದ ಕಾಯುವುದಕ್ಕಿಂತ, ನಾಲ್ಕು ಗೋಡೆಗಳ ಒಳಗಿರುವ ನಮ್ಮದೇ ಕಚೇರಿಯ ಮೇಜನ್ನು ಕಾಯುವುದು ಸುಲಭ. ಭಾರತದ ನಂಬರು ಸಿಕ್ಕದ ಕಾರಿಗೆ ಇಲ್ಲಿ ಕೊಳ್ಳುವವನಿಲ್ಲ. ಕೊಳ್ಳುವವನಿಲ್ಲದ ಸರಕನ್ನು ಗಡಿ ದಾಟಿಸುವ ಶ್ರಮವನ್ನು ಯಾವ ಕಳ್ಳಸಾಗಣೆಗಾರನೂ ಪಡುವುದಿಲ್ಲ. ಈ ಸರಳವಾದ ಕಾರ್ಯಕಾರಣ ಸಂಬಂಧವನ್ನು ಸರ್ಕಾರಗಳು ಮನಗಂಡು, ನಟರ ಮನೆಯ ಮುಂದಿನ ಶೋಧಕ್ಕೆ ತೋರಿದ ಉತ್ಸಾಹವನ್ನು ತಮ್ಮ ಸಾರಿಗೆ ಕಚೇರಿಗಳ ಕಡತಗಳ ಶೋಧಕ್ಕೂ ತೋರಿಸಲಿ. ಹಾಗೆ ತೋರಿಸುವ ತನಕ, ಹಿಡಿದ ಕಾರುಗಳ ಸಂಖ್ಯೆಯನ್ನು ಸಾಧನೆಯೆಂದು ಪ್ರಕಟಿಸುವ ಅಧಿಕಾರ ಅವುಗಳಿಗಿಲ್ಲ. ಏಕೆಂದರೆ ಹಿಡಿಯಲ್ಪಟ್ಟ ಪ್ರತಿಯೊಂದು ಕಾರಿನ ಹಿಂದೆಯೂ ಅದನ್ನು ಒಮ್ಮೆ ಸಕ್ರಮವೆಂದು ಒಪ್ಪಿದ ಒಂದು ಸರ್ಕಾರಿ ಸಹಿ ಇದ್ದೇ ಇದೆ.